ಕೆಲಸ ಬಿಡದೆ ಆನ್‌ಲೈನ್‌ನಲ್ಲಿ ಎಪಿಡೆಮಿಯಾಲಜಿ: ತುಮಕೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರ್, ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಸಿಎಚ್‌ಒ (ಸಮುದಾಯ ಆರೋಗ್ಯಾಧಿಕಾರಿ), ಹೆಲ್ತ್ ಇನ್ಸ್‌ಪೆಕ್ಟರ್, ಪಶುವೈದ್ಯರು. ಕೇಳುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚೂಕಮ್ಮಿ ಅವೇ. ಓದುವ ಆಸೆ ಇದೆ, ಕೆಲಸ ಬಿಡುವ ಹಾಗಿಲ್ಲ, ಮನೆ ಬಿಟ್ಟು ಎರಡು ವರ್ಷ ಹೋಗುವ ಹಾಗೂ ಇಲ್ಲ, ಏನು ಮಾಡೋದು? ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಓದಿಗೆ ಕೆಲಸದಲ್ಲಿರುವುದೇ ಒಳ್ಳೆಯದು. ನಿಮ್ಮ ಓಪಿಡಿ ರಿಜಿಸ್ಟರ್ ಎದುರಿಗಿಟ್ಟುಕೊಂಡು ಓದಿದರೆ ತರಗತಿಯಲ್ಲಿ ಕೂತು ಓದುವವರಿಗಿಂತ ಬೇಗ ತಲೆಗೆ ಹತ್ತುತ್ತದೆ.

ಎಪಿಡೆಮಿಯಾಲಜಿ ಅಂದರೆ ಕೊರೊನಾ, ಡೆಂಗ್ಯೂ ಲೆಕ್ಕ ಇಡುವುದು ತಾನೆ?

ಅದೂ ಇದೆ, ಅದಷ್ಟೇ ಅಲ್ಲ. ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು, ಯಾಕೆ ಬಂತು ಅಂತ ಕೇಳಬಹುದಾದ ಎಲ್ಲ ತೊಂದರೆಯೂ ಇದರೊಳಗೆ ಬರುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಹೈವೇ ಅಪಘಾತ, ಹಾವು ಕಡಿತ, ಕಡಿಮೆ ತೂಕದ ಮಕ್ಕಳು, ಕೊಳವೆ ಬಾವಿಯ ಫ್ಲೋರೈಡ್, ಎಲ್ಲವೂ. ಡಾಕ್ಟರ್ ಎದುರಿಗೆ ಕೂತ ರೋಗಿಯನ್ನು ನೋಡುತ್ತಾರೆ. ಇಲ್ಲಿ ಇಡೀ ಊರನ್ನು ನೋಡಬೇಕು, ಆಸ್ಪತ್ರೆ ಮೆಟ್ಟಿಲೇ ಹತ್ತದವರನ್ನೂ ಸೇರಿಸಿ. ಆ ಬರದೇ ಇರುವವರು ಯಾರು ಅಂತ ಯೋಚಿಸಲು ಶುರು ಮಾಡಿದರೆ ಅರ್ಧ ಪಾಠ ಮುಗಿದ ಹಾಗೆ.

ನಮ್ಮಂಥ ಜಿಲ್ಲೆಯಲ್ಲಿ ಕೂತು ಇದನ್ನು ಓದಿ ಏನು ಪ್ರಯೋಜನ? ಇದೆಲ್ಲ ಲಂಡನ್, ಅಮೆರಿಕದವರ ಕೆಲಸ ಅಲ್ವಾ?

ಈ ಪ್ರಶ್ನೆಗೆ ನಾನು ಉದ್ದಕ್ಕೇ ಉತ್ತರ ಕೊಡುತ್ತೇನೆ. ಲಂಡನ್‌ನ ಕಥೆ ಎಲ್ಲ ಕೋರ್ಸ್‌ನಲ್ಲೂ ಬರುತ್ತದೆ: 1854ರಲ್ಲಿ ಸೋಹೊ ಪ್ರದೇಶದ ಬ್ರಾಡ್ ಸ್ಟ್ರೀಟ್ ಪಂಪಿನ ನೀರಿಗೂ ಕಾಲರಾಗೂ ಇರುವ ನಂಟನ್ನು ಜಾನ್ ಸ್ನೋ ತೋರಿಸಿಕೊಟ್ಟದ್ದು. ಓದಲೇಬೇಕಾದ ಕಥೆ, ಸಂದೇಹವಿಲ್ಲ. ಆದರೆ ನಮ್ಮ ಜಿಲ್ಲೆಯದೇ ಒಂದು ಕಥೆ ಇದೆ, ಅದು ನಮ್ಮಲ್ಲೇ ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾದದ್ದು 1959ರಲ್ಲಿ. ಆ ಸಂಸ್ಥೆಯವರು 1960-61ರ ಸುಮಾರಿಗೆ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಟಿಬಿ ಎಷ್ಟಿದೆ ಅಂತ ಸರ್ವೆ ಮಾಡಿದರು. ಅದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಇನ್ನೊಂದು ಪ್ರಶ್ನೆ ಇಟ್ಟುಕೊಂಡು ಹೊರಟರು. ಟಿಬಿ ಇದೆ ಅಂತ ಸರ್ವೆಯಲ್ಲಿ ಗೊತ್ತಾದವರ ಮನೆಗೆ ಹೋಗಿ, ನಿಮಗೆ ಏನಾದರೂ ತೊಂದರೆ ಅನ್ನಿಸಿತ್ತಾ, ಅದಕ್ಕೆ ಏನು ಮಾಡಿದಿರಿ ಅಂತ ವಿಚಾರಿಸಿದರು. ಜೊತೆಗೆ ಟಿಬಿ ಇಲ್ಲದವರನ್ನೂ ಹೋಲಿಕೆಗೆ ಮಾತಾಡಿಸಿದರು. ಹಳ್ಳಿ ಜನಕ್ಕೆ ಕಾಯಿಲೆಯ ಪರಿವೆಯೇ ಇರುವುದಿಲ್ಲ, ನಾವೇ ಮನೆಮನೆಗೆ ಹೋಗಿ ಹುಡುಕಬೇಕು ಅನ್ನುವ ನಂಬಿಕೆ ಆಗ ಬಲವಾಗಿತ್ತು. ಸಿಕ್ಕ ಉತ್ತರ ಬೇರೆ. ಹೆಚ್ಚಿನವರಿಗೆ ತಮಗೆ ಏನೋ ಆಗಿದೆ ಅಂತ ಚೆನ್ನಾಗಿ ಗೊತ್ತಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಚಿಕಿತ್ಸೆ ಕೇಳಿಕೊಂಡು ಹೋಗಿಬಂದಿದ್ದರು. ಹೋದವರಿಗೆ ಸಿಗುತ್ತಿದ್ದದ್ದು ಕೆಮ್ಮಿನ ಔಷಧಿ.

ಈ ಅಧ್ಯಯನ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಕೆಮ್ಮು ಅಂತ ತಾವಾಗಿ ಬಂದವರ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ಪರೀಕ್ಷೆ ಮಾಡಿ ಅನ್ನುವ ದಾರಿಗೆ, ಅಂದರೆ ದೇಶದ ಟಿಬಿ ಕಾರ್ಯಕ್ರಮದ ತಳಪಾಯಕ್ಕೆ, ಈ ಉತ್ತರ ದೊಡ್ಡ ಬಲ ಕೊಟ್ಟಿತು. ಇವತ್ತು ನಿಮ್ಮ ಪಿಎಚ್‌ಸಿಯಲ್ಲಿ ಎರಡು ವಾರ ಕೆಮ್ಮು ಇದೆ ಅಂದವರಿಗೆ ಕಫದ ಡಬ್ಬಿ ಕೊಡುತ್ತೀರಲ್ಲ, ಆ ಪದ್ಧತಿಯಲ್ಲಿ ನಮ್ಮ ಹಳ್ಳಿಯವರು ಕೊಟ್ಟ ಉತ್ತರಗಳ ಪಾಲೂ ಇದೆ. ಹಾಗಿರುವಾಗ ಇದು ನಮ್ಮ ಕೆಲಸ ಅಲ್ಲ ಅಂತ ಹೇಗೆ ಹೇಳುವುದು?

ಎಂಬಿಬಿಎಸ್ ಆಗಿರಲೇಬೇಕಾ?

ಕಲಿಯುವುದಕ್ಕೆ ಬೇಡ. ಬಿಎಸ್ಸಿ ನರ್ಸಿಂಗ್, ಫಾರ್ಮಸಿ, ಸ್ಟ್ಯಾಟಿಸ್ಟಿಕ್ಸ್, ಪಶುವೈದ್ಯ, ಸಮಾಜಕಾರ್ಯ ಓದಿದವರೂ ಚೆನ್ನಾಗಿ ಮಾಡುತ್ತಾರೆ. ಕೆಲವು ಹುದ್ದೆಗಳಿಗೆ ಮಾತ್ರ ವೈದ್ಯಕೀಯ ಪದವಿ ಕೇಳುತ್ತಾರೆ, ಅದು ಬೇರೆ ವಿಷಯ.

ಯಾವ ಕೋರ್ಸ್‌ನಿಂದ ಶುರು ಮಾಡಲಿ?

ಉಚಿತವಾಗಿ ಸಿಗುವುದರಿಂದ. ದುಡ್ಡು ಕಟ್ಟುವ ಮೊದಲು ನಿಮಗೆ ಈ ವಿಷಯ ಹಿಡಿಸುತ್ತದಾ ಅಂತ ನೋಡಿಕೊಳ್ಳಿ. ಚೆನ್ನೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ ಇದೆ, ಎನ್‌ಐಇ ಅಂತಾರೆ. ಅವರು ಐಐಟಿಗಳ ಆನ್‌ಲೈನ್ ಪಾಠದ ವೇದಿಕೆ ಎನ್‌ಪಿಟಿಇಎಲ್ ಮೂಲಕ ಹೆಲ್ತ್ ರಿಸರ್ಚ್ ಫಂಡಮೆಂಟಲ್ಸ್ ಅನ್ನುವ ಕೋರ್ಸ್ ನಡೆಸಿದ್ದಾರೆ. ವೈದ್ಯಕೀಯ ಪಿಜಿ ವಿದ್ಯಾರ್ಥಿಗಳು ಕಡ್ಡಾಯವಾಗಿ ಮಾಡುವ ಬಿಸಿಬಿಆರ್, ಅಂದರೆ ವೈದ್ಯಕೀಯ ಸಂಶೋಧನೆಯ ಬೇಸಿಕ್ ಕೋರ್ಸ್ ಕೂಡ ಅವರದೇ. ಸ್ಟಡಿ ಡಿಸೈನ್, ಸ್ಯಾಂಪಲ್ ಸೈಜ್, ಬಯಾಸ್ (ಉತ್ತರವನ್ನು ಒಂದು ಕಡೆಗೆ ವಾಲಿಸುವ ತಪ್ಪು), ಎಥಿಕ್ಸ್ ಎಲ್ಲ ನಮ್ಮ ದೇಶದ ಉದಾಹರಣೆಗಳಲ್ಲೇ ಸಿಗುತ್ತದೆ. ನನ್ನನ್ನು ಕೇಳಿದರೆ ನಮ್ಮವರಿಗೆ ಮೊದಲ ಮೆಟ್ಟಿಲು ಇದೇ.

ಆಮೇಲೆ ಕೋರ್ಸೆರಾ ಅನ್ನುವ ಆನ್‌ಲೈನ್ ಕೋರ್ಸ್ ತಾಣದಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಎಪಿಡೆಮಿಯಾಲಜಿ ಬೇಸಿಕ್ ಕೋರ್ಸ್ ಇದೆ, ಜಾನ್ಸ್ ಹಾಪ್ಕಿನ್ಸ್‌ನವರ ಕೋರ್ಸ್ ಸರಣಿಯೂ ಇದೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯವರು ಎಸ್‌ಎಸ್ 1978 ಅನ್ನುವ ಕೋರ್ಸ್ ಸಂಖ್ಯೆಯ ಸ್ವಯಂ ಕಲಿಕೆಯ ಪಾಠವನ್ನು ಉಚಿತವಾಗಿ ಕೊಟ್ಟಿದ್ದಾರೆ. ಅಭ್ಯಾಸದ ಲೆಕ್ಕಗಳು ಬೇಕು ಅನ್ನುವವರು ಇದನ್ನು ಬಿಡಬೇಡಿ.

ಇಷ್ಟೆಲ್ಲ ಆದಮೇಲೂ ಇನ್ನೂ ಬೇಕು ಅನ್ನಿಸಿದರೆ ಆಗ ಡಿಗ್ರಿಯ ಯೋಚನೆ. ಲಂಡನ್ ಸ್ಕೂಲ್ ಆಫ್ ಹೈಜೀನ್‌ನವರು ದೂರಶಿಕ್ಷಣದಲ್ಲೇ ಎಪಿಡೆಮಿಯಾಲಜಿ ಎಂಎಸ್ಸಿ ಕೊಡುತ್ತಾರೆ. ಪಿಜಿ ಸರ್ಟಿಫಿಕೇಟ್, ಡಿಪ್ಲೊಮಾ, ಎಂಎಸ್ಸಿ ಅಂತ ಹಂತಗಳಿವೆ, ಎಂಎಸ್ಸಿಯನ್ನು ಐದು ವರ್ಷದವರೆಗೂ ಎಳೆದುಕೊಂಡು ಮಾಡಬಹುದು. ಕೆಲಸದಲ್ಲಿರುವವರಿಗೆ ಅದು ನಿಜಕ್ಕೂ ದೊಡ್ಡ ಅನುಕೂಲ.

ಖರ್ಚು ಎಷ್ಟಾಗುತ್ತದೆ?

ಎನ್‌ಪಿಟಿಇಎಲ್‌ನಲ್ಲಿ ಪಾಠ ಕೇಳುವುದು ಉಚಿತ, ಸರ್ಟಿಫಿಕೇಟ್ ಬೇಕಾದರೆ ಪರೀಕ್ಷೆಗೆ ಶುಲ್ಕ. ಕೋರ್ಸೆರಾದಲ್ಲಿ ತಿಂಗಳ ಲೆಕ್ಕ, ಹಣದ ತೊಂದರೆ ಇದ್ದರೆ ನೆರವಿಗೆ ಅರ್ಜಿ ಹಾಕಬಹುದು. ವಿದೇಶಿ ಡಿಗ್ರಿಗೆ ಲಕ್ಷಗಟ್ಟಲೆ. ಸಾಲ ಮಾಡಿ ಒಂದೇ ಸಲ ಎಂಎಸ್ಸಿಗೆ ಸೇರುವ ಬದಲು ಒಂದೇ ಒಂದು ಮಾಡ್ಯೂಲ್ ತೆಗೆದುಕೊಂಡು ನೋಡಿ. ಸಂಬಳದಲ್ಲಿ ಮನೆ ನಡೆಸುವವರು ಇದರ ಬಗ್ಗೆ ನಾಚಿಕೆ ಪಡಬೇಕಾಗಿಲ್ಲ.

ಈ ಸರ್ಟಿಫಿಕೇಟ್ ಸರ್ಕಾರಿ ಕೆಲಸಕ್ಕೆ ನಡೆಯುತ್ತದಾ?

ಬರೀ ಆನ್‌ಲೈನ್ ಸರ್ಟಿಫಿಕೇಟ್ ಡಿಗ್ರಿಗೆ ಸಮ ಅಲ್ಲ. ಇದನ್ನು ಯಾರೂ ಮುಚ್ಚಿಡಬಾರದು. ಎನ್‌ಎಚ್‌ಎಂ (ರಾಷ್ಟ್ರೀಯ ಆರೋಗ್ಯ ಅಭಿಯಾನ) ಹುದ್ದೆಗಳ ಜಾಹೀರಾತಿನಲ್ಲಿ ಅರ್ಹತೆ ಏನು ಅಂತ ಅಕ್ಷರ ಅಕ್ಷರ ಓದಿ, ಆಮೇಲೆ ಕೋರ್ಸ್ ಆರಿಸಿ. ಭಾರತದ ಯಾವುದೇ ಆನ್‌ಲೈನ್ ಅಥವಾ ದೂರಶಿಕ್ಷಣ ಡಿಗ್ರಿಗೆ ಸೇರುವ ಮೊದಲು ಯುಜಿಸಿಯ ದೂರಶಿಕ್ಷಣ ಬ್ಯೂರೊ ವೆಬ್‌ಸೈಟ್‌ನಲ್ಲಿ ಆ ಸಂಸ್ಥೆಯ ಹೆಸರೂ ಆ ಕೋರ್ಸಿನ ಹೆಸರೂ ಎರಡೂ ಇದೆಯಾ ನೋಡಿ. ಸಂಸ್ಥೆಗೆ ಮಾನ್ಯತೆ ಇದ್ದು ಕೋರ್ಸ್‌ಗೆ ಇಲ್ಲದಿರಬಹುದು. ವಿದೇಶಿ ಡಿಗ್ರಿಯಾದರೆ ಇಲ್ಲಿ ಅದಕ್ಕೆ ತತ್ಸಮಾನ ಮಾನ್ಯತೆ ಸಿಗುತ್ತದಾ ಅಂತ ಫೀಸ್ ಕಟ್ಟುವ ಮೊದಲೇ ಲಿಖಿತವಾಗಿ ಕೇಳಿ. ಫೋನ್‌ನಲ್ಲಿ "ಎಲ್ಲ ಆಗುತ್ತೆ ಸಾರ್, ಮೊದಲು ಸೀಟ್ ಬ್ಲಾಕ್ ಮಾಡಿ" ಅನ್ನುವವರನ್ನು ನಂಬಬೇಡಿ.

ಲೆಕ್ಕ ಅಂದರೆ ಭಯ. ಆಗುತ್ತದಾ?

ಶುರುವಿಗೆ ಬೇಕಾದದ್ದು ಕೂಡು, ಕಳೆ, ಗುಣಿಸು, ಭಾಗಿಸು. ಇಲ್ಲೇ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ, ಪೆನ್ನು ಹಿಡಿದುಕೊಳ್ಳಿ.

ಒಂದು ಹಳ್ಳಿಯಲ್ಲಿ ಗೃಹಪ್ರವೇಶದ ಊಟ ಅಂದುಕೊಳ್ಳಿ. 120 ಜನ ಉಂಡರು. ಅವತ್ತೇ ಸಂಜೆಯಿಂದ 44 ಜನಕ್ಕೆ ವಾಂತಿ. ಆಸ್ಪತ್ರೆಗೆ ಬಂದವರನ್ನಷ್ಟೇ ಕೇಳಿದರೆ ಎಲ್ಲರೂ ಅನ್ನ ತಿಂದಿದ್ದೇವೆ ಅಂತಾರೆ. ಹಾಗಂತ ಅನ್ನದ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಯಾಕೆಂದರೆ ಕಾಯಿಲೆ ಬೀಳದ 76 ಜನವೂ ಅನ್ನ ತಿಂದೇ ಎದ್ದಿದ್ದಾರೆ. ಅದಕ್ಕೇ ಚೆನ್ನಾಗಿರುವವರ ಮನೆಗೂ ಹೋಗಬೇಕು. ಹೋಗಿ ಕೇಳಿದಾಗ ಪಾಯಸ ತಿಂದವರು 80, ತಿನ್ನದವರು 40 ಅಂತ ಗೊತ್ತಾಯಿತು. ತಿಂದ 80ರಲ್ಲಿ ಕಾಯಿಲೆ ಬಿದ್ದವರು 40. ತಿನ್ನದ 40ರಲ್ಲಿ ಬಿದ್ದವರು 4.

ಈಗ ಭಾಗಿಸಿ. ತಿಂದವರಲ್ಲಿ 40/80, ಅಂದರೆ ಶೇ 50. ತಿನ್ನದವರಲ್ಲಿ 4/40, ಶೇ 10. ಐವತ್ತನ್ನು ಹತ್ತರಿಂದ ಭಾಗಿಸಿದರೆ 5. ಪಾಯಸ ತಿಂದವರಿಗೆ ಕಾಯಿಲೆಯ ಅಪಾಯ ಐದು ಪಟ್ಟು. ಇದೇ ರಿಸ್ಕ್ ರೇಶಿಯೊ.

ಆಡ್ಸ್ ರೇಶಿಯೊ ಅಂತ ಇನ್ನೊಂದಿದೆ, ಎಲ್ಲರೂ ಎಡವುವುದು ಅಲ್ಲೇ. ತಿಂದವರಲ್ಲಿ ಬಿದ್ದವರು 40, ಬೀಳದವರು 40, ಅನುಪಾತ 1. ತಿನ್ನದವರಲ್ಲಿ ಬಿದ್ದವರು 4, ಬೀಳದವರು 36, ಅನುಪಾತ 1/9. ಒಂದನ್ನು ಒಂಬತ್ತನೇ ಒಂದರಿಂದ ಭಾಗಿಸಿದರೆ 9. ಅದೇ ಊಟ, ಅದೇ ಜನ, ಒಂದು ಲೆಕ್ಕದಲ್ಲಿ 5, ಇನ್ನೊಂದರಲ್ಲಿ 9. ಎರಡೂ ಸರಿ. ಆದರೆ "ಒಂಬತ್ತು ಪಟ್ಟು ಅಪಾಯ" ಅಂತ ಬರೆದರೆ ತಪ್ಪು. ಕಾಯಿಲೆ ಅಪರೂಪವಾಗಿದ್ದಾಗ ಈ ಎರಡು ಅಂಕಿ ಹತ್ತಿರ ಹತ್ತಿರ ಬರುತ್ತವೆ, ಹೀಗೆ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನ ಬಿದ್ದಾಗ ದೂರ ಹೋಗುತ್ತವೆ. ಇನ್ನು ಪಾಯಸ ತಿನ್ನದೇ ಬಿದ್ದ ನಾಲ್ಕು ಜನ? ಅವರ ಬಗ್ಗೆ ಕೇಳುವುದೇ ಒಳ್ಳೆಯ ತನಿಖೆ. ಒಂದೇ ಸೌಟು ಬಳಸಿದ್ದರಾ, ತಿಂದದ್ದು ಮರೆತಿದ್ದಾರಾ, ಅಥವಾ ಅವರ ವಾಂತಿಗೆ ಬೇರೆಯೇ ಕಾರಣವಾ?

ಊಟಕ್ಕೂ ವಾಂತಿಗೂ ನಡುವಿನ ಗಂಟೆಗಳನ್ನೂ ಬರೆದುಕೊಳ್ಳಿ. ಎರಡು ಮೂರು ಗಂಟೆಯಲ್ಲೇ ವಾಂತಿ ಶುರುವಾದರೆ ಸ್ಟ್ಯಾಫಿಲೊಕಾಕಸ್ ವಿಷದ ಕಡೆ ಅನುಮಾನ ಹೋಗುತ್ತದೆ. ಒಂದೆರಡು ದಿನ ಬಿಟ್ಟು ಜ್ವರ, ಭೇದಿ ಬಂದರೆ ಸಾಲ್ಮೊನೆಲ್ಲಾದಂಥದ್ದನ್ನು ಯೋಚಿಸಬೇಕು. ಲ್ಯಾಬ್ ರಿಪೋರ್ಟ್ ಬರುವ ಮೊದಲೇ ಬರೀ ಗಡಿಯಾರ ಇಷ್ಟು ಹೇಳುತ್ತದೆ.

ಕನ್‌ಫೌಂಡಿಂಗ್ ಎಷ್ಟು ಸಲ ಕೇಳಿದರೂ ಅರ್ಥವಾಗುತ್ತಿಲ್ಲ.

ವಿದೇಶಿ ಉದಾಹರಣೆ ಬಿಡಿ, ಪಾವಗಡದ ಕಡೆ ಬನ್ನಿ. ಆ ಭಾಗದ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಅನ್ನುವುದು ಎಲ್ಲರಿಗೂ ಗೊತ್ತಿರುವ ವಿಷಯ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5 ಮಿಲಿಗ್ರಾಂ ವರೆಗೆ ಅನ್ನುವುದು ಭಾರತೀಯ ಮಾನದಂಡ. ಊರಿನಲ್ಲಿ ಶುದ್ಧ ನೀರಿನ ಘಟಕ ಇದೆ ಅಂದುಕೊಳ್ಳಿ. ನೀವು ಸರ್ವೆ ಮಾಡಿದಿರಿ. ಘಟಕದ ನೀರು ಕುಡಿಯುವ ಮನೆಗಳಲ್ಲಿ ಕೀಲು ನೋವು ಕಡಿಮೆ, ಬೋರ್‌ವೆಲ್ ನೀರಿನ ಮನೆಗಳಲ್ಲಿ ಜಾಸ್ತಿ. ನೀರಿನಿಂದಲೇ ವ್ಯತ್ಯಾಸ ಅಂತ ಬರೆದುಬಿಡೋಣವಾ?

ಸ್ವಲ್ಪ ನಿಲ್ಲಿ. 20 ಲೀಟರ್ ಕ್ಯಾನ್ ಹೊತ್ತು ತರುವವರು ಯಾರು? ಮನೆಯಲ್ಲಿ ಬೈಕ್ ಇರುವ, ವಯಸ್ಸಿಗೆ ಬಂದ ಮಕ್ಕಳಿರುವ ಮನೆಯವರು. ಒಂಟಿಯಾಗಿರುವ ಎಪ್ಪತ್ತರ ಅಜ್ಜಿ ನಲ್ಲಿಯಲ್ಲಿ ಬಂದದ್ದನ್ನೇ ಕುಡಿಯುತ್ತಾರೆ. ಅಜ್ಜಿಗೆ ಮಂಡಿ ನೋವು ಯಾವ ನೀರು ಕುಡಿದರೂ ಇರಬಹುದಿತ್ತು. ವಯಸ್ಸು ಎರಡೂ ಕಡೆ ಕೈಯಾಡಿಸಿದೆ, ನೀರಿನ ಆಯ್ಕೆಯಲ್ಲೂ, ನೋವಿನಲ್ಲೂ. ಇದೇ ಕನ್‌ಫೌಂಡಿಂಗ್. ನಲವತ್ತರವರನ್ನು ನಲವತ್ತರವರ ಜೊತೆ, ಎಪ್ಪತ್ತರವರನ್ನು ಎಪ್ಪತ್ತರವರ ಜೊತೆ ಹೋಲಿಸಿ ನೋಡಿದ ಮೇಲೂ ವ್ಯತ್ಯಾಸ ಉಳಿದರೆ ಆಗ ನೀರಿನ ಮಾತು ಗಟ್ಟಿಯಾಗುತ್ತದೆ.

ಇದರಲ್ಲೇ ಇನ್ನೊಂದು ವಿಷಯವಿದೆ. ಹಲ್ಲಿನ ಫ್ಲೋರೋಸಿಸ್ ಕಲೆ ಬೀಳುವುದು ಹಲ್ಲು ಒಸಡಿನೊಳಗೆ ಬೆಳೆಯುವ ವಯಸ್ಸಿನಲ್ಲಿ. ಹತ್ತನೇ ಕ್ಲಾಸ್ ಹುಡುಗನ ಹಲ್ಲು ಹೇಳುವುದು ಅವನು ಪುಟ್ಟ ಮಗುವಾಗಿದ್ದಾಗ ಕುಡಿದ ನೀರಿನ ಕಥೆ. ಇವತ್ತಿನ ನೀರಿನ ಸ್ಯಾಂಪಲ್ ತೆಗೆದು ಅವನ ಹಲ್ಲಿಗೆ ಜೋಡಿಸಿದರೆ ಲೆಕ್ಕ ತಪ್ಪುತ್ತದೆ.

ನಾನು ಕನ್ನಡ ಮೀಡಿಯಂ. ಇಂಗ್ಲಿಷ್ ಪಾಠ ಹಿಡಿಯೋಕಾಗುತ್ತದಾ?

ಆಗುತ್ತದೆ, ಮೊದಲ ಕೆಲವು ವಾರ ಕಷ್ಟ. ವಿಡಿಯೊ ವೇಗ ಕಡಿಮೆ ಮಾಡಿ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಪ್ರತಿ ಪಾಠ ಆದಮೇಲೆ ಅದರ ಸಾರವನ್ನು ಕನ್ನಡದಲ್ಲೇ ನಾಲ್ಕು ಸಾಲು ಬರೆಯಿರಿ, ಅಥವಾ ಜೊತೆಯಲ್ಲಿ ಕೆಲಸ ಮಾಡುವವರಿಗೆ ಹೇಳಿ. ಆಶಾ ಕಾರ್ಯಕರ್ತೆಗೆ ಕನ್ನಡದಲ್ಲಿ ವಿವರಿಸಲು ಬಂದರೆ ನಿಮಗೆ ಅದು ಬಂದಿದೆ ಅಂತಲೇ ಅರ್ಥ.

ಟೈಮ್ ಎಲ್ಲಿಂದ ತರೋದು?

ಇದಕ್ಕೆ ಸುಮ್ನೆ ಧೈರ್ಯದ ಮಾತು ಹೇಳುವುದಿಲ್ಲ. ನೈಟ್ ಡ್ಯೂಟಿ ಮುಗಿಸಿ ಬಂದು ಬಯಾಸ್ ಬಗ್ಗೆ ಓದುವುದು ಆಗದ ಮಾತು, ಅವತ್ತು ಮಲಗಿ. ವಾರಕ್ಕೆ ನಾಲ್ಕೈದು ಗಂಟೆ ಸಿಗುತ್ತದಾ ನೋಡಿ. ಅಷ್ಟು ಸಿಕ್ಕರೆ ಒಂದು ಕೋರ್ಸ್ ಸಾಕು, ಎರಡಕ್ಕೆ ಕೈ ಹಾಕಬೇಡಿ. ತುಮಕೂರಿನಿಂದ ಬೆಂಗಳೂರಿಗೆ ದಿನಾ ರೈಲಿನಲ್ಲಿ ಓಡಾಡುವವರು ತುಂಬಾ ಜನ ಇದ್ದೀರಿ. ಪಾಠ ಕೇಳುವುದಕ್ಕೆ ಆ ಸಮಯ ಒಳ್ಳೆಯದು, ಹಿಂದಿನ ರಾತ್ರಿಯೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಲೆಕ್ಕವನ್ನು ಮಾತ್ರ ಮನೆಯಲ್ಲಿ, ಮೇಜಿನ ಮೇಲೆ, ಪೇಪರ್ ಇಟ್ಟುಕೊಂಡೇ ಮಾಡಬೇಕು.

ಲೈವ್ ಕ್ಲಾಸ್ ಇದ್ದರೆ ಗಂಟೆ ಲೆಕ್ಕ ಹಾಕಿ. ಲಂಡನ್‌ನಲ್ಲಿ ಮಧ್ಯಾಹ್ನ 2 ಅಂದರೆ ಚಳಿಗಾಲದಲ್ಲಿ ನಮಗೆ ಸಂಜೆ 7:30, ಬೇಸಿಗೆಯಲ್ಲಿ 6:30. ಅವರು ಗಡಿಯಾರ ಬದಲಿಸುತ್ತಾರೆ, ನಾವು ಬದಲಿಸುವುದಿಲ್ಲ. ಮನೆಯವರಿಗೂ ಮೊದಲೇ ಹೇಳಿಡಿ, ವಿಶೇಷವಾಗಿ ಹೆಣ್ಣುಮಕ್ಕಳು. ಅಡುಗೆ ಹೊತ್ತಿಗೂ ಕ್ಲಾಸಿನ ಹೊತ್ತಿಗೂ ಜಗಳ ಬೀಳುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಆ ಹೊತ್ತಿನ ಕೆಲಸ ಮನೆಯ ಉಳಿದವರು ಹಂಚಿಕೊಳ್ಳಲೇಬೇಕು.

ಯಾವ ಸಾಫ್ಟ್‌ವೇರ್ ಬೇಕು?

ಎಕ್ಸೆಲ್ ಗೊತ್ತಿದ್ದರೆ ಶುರು ಮಾಡಬಹುದು. ಮೇಲಿನ ಪಾಯಸದ ಲೆಕ್ಕದಂಥದ್ದಕ್ಕೆ ಓಪನ್‌ಎಪಿ ಅನ್ನುವ ವೆಬ್‌ಸೈಟ್ ಸಾಕು, ಮೊಬೈಲ್ ಬ್ರೌಸರ್‌ನಲ್ಲೂ ನಡೆಯುತ್ತದೆ. ಸರ್ವೆಗೆ ಕೋಬೊಟೂಲ್‌ಬಾಕ್ಸ್, ಅದರಲ್ಲಿ ಪ್ರಶ್ನೆಗಳನ್ನು ಕನ್ನಡದಲ್ಲೇ ಹಾಕಬಹುದು. ಮುಂದೆ ಹೋಗುವವರು ಆರ್ (R) ಅನ್ನುವ ಸಾಫ್ಟ್‌ವೇರ್ ಕಲಿಯಿರಿ, ಉಚಿತ. ಹಳೇ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ.

ನಮ್ಮ ಆಸ್ಪತ್ರೆಯ ಡೇಟಾ ಇಟ್ಟುಕೊಂಡು ಪ್ರಾಜೆಕ್ಟ್ ಮಾಡಬಹುದಾ?

ರಿಜಿಸ್ಟರ್ ನೋಡಿ ನಿಮ್ಮ ಕೆಲಸಕ್ಕೆ ಲೆಕ್ಕ ಹಾಕಿಕೊಳ್ಳುವುದು ಬೇರೆ, ಅದನ್ನು ಕೋರ್ಸ್‌ಗೆ ಸಲ್ಲಿಸುವುದು ಅಥವಾ ಪ್ರಕಟಿಸುವುದು ಬೇರೆ. ಎರಡನೆಯದಕ್ಕೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು, ಎಥಿಕ್ಸ್ ಕಮಿಟಿಯ ಒಪ್ಪಿಗೆ ಬೇಕು. ಐಸಿಎಂಆರ್‌ನ 2017ರ ಎಥಿಕ್ಸ್ ಮಾರ್ಗಸೂಚಿ ಓದಿಕೊಳ್ಳಿ. ಹೆಸರು, ಫೋನ್ ನಂಬರ್, ಆಧಾರ್ ತೆಗೆದುಹಾಕಿದರೂ ಚಿಕ್ಕ ಹಳ್ಳಿಯಲ್ಲಿ "32 ವರ್ಷದ ಮಹಿಳೆ, ಎಚ್‌ಐವಿ" ಅಂದರೆ ಯಾರು ಅಂತ ಊರಿಗೇ ಗೊತ್ತಾಗುತ್ತದೆ. ರಿಜಿಸ್ಟರ್‌ನ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಒಬ್ಬರ ಮದುವೆ, ಕೆಲಸ, ಮರ್ಯಾದೆ ಅದರಲ್ಲಿ ಹೋಗಬಹುದು.

ಓದಿದ್ದು ದಿನದ ಕೆಲಸದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತದೆ?

ನೀವು ಆಗಲೇ ತುಂಬುತ್ತಿರುವ ಫಾರಂನಲ್ಲಿ. ರೋಗ ಕಣ್ಗಾವಲಿಗೆ ದೇಶದಲ್ಲಿ ಐಡಿಎಸ್‌ಪಿ ಅನ್ನುವ ಕಾರ್ಯಕ್ರಮ ಶುರುವಾದದ್ದು 2004ರಲ್ಲಿ, ಈಗ ಅದು ಐಎಚ್‌ಐಪಿ ಪೋರ್ಟಲ್‌ನಲ್ಲಿ ನಡೆಯುತ್ತದೆ. ಲಕ್ಷಣ ನೋಡಿ ಆರೋಗ್ಯ ಕಾರ್ಯಕರ್ತೆ ತುಂಬುವುದು ಎಸ್ ಫಾರಂ, ಡಾಕ್ಟರ್ ತುಂಬುವುದು ಪಿ, ಲ್ಯಾಬ್‌ನವರದು ಎಲ್. ಹೆಚ್ಚಿನವರಿಗೆ ಇದು ಮೇಲಿನವರಿಗೆ ಕಳಿಸುವ ರಿಪೋರ್ಟ್ ಮಾತ್ರ. ಎಪಿಡೆಮಿಯಾಲಜಿ ಓದಿದ ಮೇಲೆ ಅದೇ ಅಂಕಿ ಬೇರೆ ಥರ ಕಾಣಿಸುತ್ತದೆ. ಈ ಉಪಕೇಂದ್ರದಲ್ಲಿ ಜ್ವರ ಯಾಕೆ ಈ ವಾರ ಏರಿತು, ಪಕ್ಕದ್ದರಲ್ಲಿ ಯಾಕೆ ತಿಂಗಳಿಂದ ಬರೀ ಸೊನ್ನೆ? ಆ ಸೊನ್ನೆ ಆರೋಗ್ಯದ ಸೊನ್ನೆಯಾ, ಅಥವಾ ಆ ಹುದ್ದೆ ಖಾಲಿ ಇದೆಯಾ?

2023ರಲ್ಲಿ ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕು ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ, ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲ ಜಿಕಾ ವೈರಸ್ ಸಿಕ್ಕಿತು. ಸುತ್ತಲ ಹಳ್ಳಿಗಳಲ್ಲಿ ಜ್ವರ ಬಂದವರ, ಗರ್ಭಿಣಿಯರ ಸ್ಯಾಂಪಲ್ ತೆಗೆದು ಪರೀಕ್ಷೆಗೆ ಕಳಿಸಬೇಕಾಯಿತು. ಅಂಥ ದಿನ ಓಡಾಡುವವರು ಊರಿನ ಆಶಾ, ನರ್ಸ್, ಲ್ಯಾಬ್ ಟೆಕ್ನಿಷಿಯನ್. ಯಾರನ್ನು ಮೊದಲು ಹುಡುಕಬೇಕು, ಯಾಕೆ ಗರ್ಭಿಣಿಯರು ಅಂತ ಅವರಿಗೆ ತಿಳಿದಿದ್ದರೆ ಕೆಲಸವೂ ಚೆನ್ನಾಗಿ ಆಗುತ್ತದೆ, ಹಳ್ಳಿಯವರ ಭಯಕ್ಕೆ ಸರಿಯಾದ ಉತ್ತರವನ್ನೂ ಕೊಡಬಹುದು.

ಫೀಲ್ಡ್ ಕೆಲಸವನ್ನು ಆನ್‌ಲೈನ್‌ನಲ್ಲಿ ಕಲಿಯಬಹುದಾ?

ಪೂರ್ತಿ ಇಲ್ಲ. ಮನೆ ಬಾಗಿಲಲ್ಲಿ ನಿಂತು ಮಾತಾಡಿಸುವುದನ್ನು ವಿಡಿಯೊ ಕಲಿಸುವುದಿಲ್ಲ. ಅದಕ್ಕೆ ಎಫ್‌ಇಟಿಪಿ ಅನ್ನುವ ಫೀಲ್ಡ್ ಎಪಿಡೆಮಿಯಾಲಜಿ ತರಬೇತಿ ಇದೆ. ಚೆನ್ನೈನ ಎನ್‌ಐಇ ಎರಡು ವರ್ಷದ ತರಬೇತಿಯನ್ನು 2001ರಿಂದ ನಡೆಸಿಕೊಂಡು ಬಂದಿದೆ, ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ (ಎನ್‌ಸಿಡಿಸಿ) 2012ರಲ್ಲಿ ಇಂಡಿಯಾ ಇಐಎಸ್ ಅನ್ನುವ ಇಂಥದ್ದೇ ತರಬೇತಿ ಶುರು ಮಾಡಿತು. ಕೆಲಸದಲ್ಲಿರುವವರಿಗೆ ಫ್ರಂಟ್‌ಲೈನ್ ಹಂತ ಸರಿಹೊಂದುತ್ತದೆ. ಸುಮಾರು ಮೂರು ತಿಂಗಳು, ನಡುವೆ ನಿಮ್ಮ ಜಾಗಕ್ಕೇ ಬಂದು ನಿಮ್ಮದೇ ಡೇಟಾ ಮೇಲೆ ಕೆಲಸ ಮಾಡಬೇಕು. ಅವಕಾಶ ಬಂದರೆ ಜಿಲ್ಲಾ ಸರ್ವೇಕ್ಷಣಾಧಿಕಾರಿ ಕಚೇರಿಯ ಮೂಲಕ ಹೆಸರು ಕಳಿಸಿ ಅಂತ ಕೇಳಿ. ಕೇಳದಿದ್ದರೆ ಯಾರೂ ತಾವಾಗಿ ಕಳಿಸುವುದಿಲ್ಲ.

ಮುಂದೆ ಎಲ್ಲಿ ಕೆಲಸ ಸಿಗುತ್ತದೆ?

ಜಿಲ್ಲಾ ಸರ್ವೇಕ್ಷಣಾ ಘಟಕದಲ್ಲಿ ಎಪಿಡೆಮಿಯಾಲಜಿಸ್ಟ್ ಹುದ್ದೆ ಇರುತ್ತದೆ. ಮೆಡಿಕಲ್ ಕಾಲೇಜುಗಳ ಸಮುದಾಯ ವೈದ್ಯಕೀಯ ವಿಭಾಗ, ಎನ್‌ಜಿಒಗಳ ಆರೋಗ್ಯ ಯೋಜನೆಗಳಲ್ಲೂ ಕೆಲಸ ಇದೆ. ಬೆಂಗಳೂರು 70 ಕಿಲೋಮೀಟರ್. ಅಲ್ಲಿ ಕ್ಷಯರೋಗ ಸಂಸ್ಥೆ ಇದೆ, ನಿಮ್ಹಾನ್ಸ್‌ನಲ್ಲಿ ಎಪಿಡೆಮಿಯಾಲಜಿ ವಿಭಾಗವೇ ಇದೆ, ಕ್ಯಾನ್ಸರ್ ನೋಂದಣಿ ನೋಡಿಕೊಳ್ಳುವ ಐಸಿಎಂಆರ್‌ನ ಎನ್‌ಸಿಡಿಐಆರ್ ಇದೆ, ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಇದೆ. ಇಂಥ ಕಡೆ ಹೆಚ್ಚಿನವು ಯೋಜನೆ ಇರುವಷ್ಟು ದಿನದ ಹುದ್ದೆಗಳು. ಈಗಿರುವ ಕಾಯಂ ಕೆಲಸ ಬಿಟ್ಟು ಹೋಗುವವರು ಯೋಜನೆ ಎಷ್ಟು ವರ್ಷದ್ದು ಅಂತ ಕೇಳಿಯೇ ಸಹಿ ಮಾಡಿ.

ಅರ್ಧಕ್ಕೆ ನಿಂತುಹೋದರೆ?

ಎನ್‌ಪಿಟಿಇಎಲ್ ಕೋರ್ಸ್‌ಗಳ ವಿಡಿಯೊಗಳು ಎಲ್ಲೂ ಹೋಗುವುದಿಲ್ಲ, ಮುಂದಿನ ಸಲ ಕೋರ್ಸ್ ಬಂದಾಗ ಮತ್ತೆ ಸೇರಿ. ಡಿಗ್ರಿಯಾದರೆ ಬಿಡುವು ಕೊಡುವ ನಿಯಮ ಏನಿದೆ, ಕಟ್ಟಿದ ಹಣ ಮುಂದಿನ ವರ್ಷಕ್ಕೆ ಹೋಗುತ್ತದಾ ಅಂತ ಸೇರುವ ದಿನವೇ ಕೇಳಿಟ್ಟುಕೊಳ್ಳಿ. ಹೆರಿಗೆ, ವರ್ಗಾವಣೆ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಿರುವುದು, ಡೆಂಗ್ಯೂ ಸೀಸನ್‌ನಲ್ಲಿ ರಜೆಯೇ ಸಿಗದಿರುವುದು, ಇವೆಲ್ಲ ಬರುವಂಥವೇ. ಮಳೆಗಾಲದ ತಿಂಗಳುಗಳಲ್ಲಿ ಪರೀಕ್ಷೆ ಬೀಳದ ಹಾಗೆ ಕೋರ್ಸ್ ಆರಿಸಿಕೊಂಡರೆ ಆರೋಗ್ಯ ಇಲಾಖೆಯವರಿಗೆ ಅರ್ಧ ತಲೆನೋವು ತಪ್ಪುತ್ತದೆ.